ಹೆಣ್ಣು ಕೂಸಿಗೆ ಯಕೃತ್ತು ಬೇಡವೇ?

"ಹೆಣ್ಣ ಕೂಸ ಐತಿ, ಇನ್ನೊಂದು ಹುಟ್ಟತೈತಿ. ಅದಕ್ಕಂತ ಹಡದಾಕಿ ಹೊಟ್ಟಿ ಕೊಯ್ಸೂದು ಯಾವ ಶ್ಯಾಣೇತನ?"

ಬಂಕಾಪುರದಲ್ಲಿ ನಡೆದ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಿತು. ಆಡಿದವರು ದುಷ್ಟರೇನಲ್ಲ. ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸುವ, ಬಂಧುಬಳಗದಲ್ಲಿ ಗೌರವವುಳ್ಳ ಹಿರಿಯರು. ಕೇಳಿದವರೂ ಯಾರೂ ಎದುರಾಡಲಿಲ್ಲ, ಒಬ್ಬಿಬ್ಬರು ತಲೆಯಾಡಿಸಿದರು. ಮಾತಿನ ವಿಷಯವಾಗಿದ್ದುದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಐದು ತಿಂಗಳ ಮಗಳು. ಆ ಕೂಸಿಗೆ ಯಕೃತ್ತಿನ ಕಸಿಯಾಗದ ಹೊರತು ಬದುಕಿಲ್ಲವೆಂದು ಬೆಂಗಳೂರಿನ ವೈದ್ಯರು ಹೇಳಿದ್ದಾರೆ. ತಾಯಿಯ ರಕ್ತದ ಗುಂಪು ಹೊಂದುತ್ತದೆ, ಆಕೆ ಕೊಡಲು ಸಿದ್ಧಳಿದ್ದಾಳೆ. ಸಿದ್ಧವಿಲ್ಲದಿರುವುದು ಉಳಿದ ಮನೆ.

ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದು ಉಚಿತವಲ್ಲ. ಆದರೆ ಆ ಹುಡುಗ ದೂರವಾಣಿಯಲ್ಲಿ "ಗುರುಗಳೆ, ನೀವೇನಂತೀರಿ?" ಎಂದು ಕೇಳಿದಾಗ ನಾನು ಹೇಳಿದ್ದನ್ನು ಎಲ್ಲರಿಗೂ ಹೇಳಬೇಕೆನಿಸಿತು. ನಾನು ವೈದ್ಯನಲ್ಲ. ಎಂಟರಿಂದ ಹತ್ತನೆಯ ತರಗತಿಯವರೆಗೆ ಜೀವಶಾಸ್ತ್ರ ಕಲಿಸಿದವನು. ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡಿದ್ದೇನೆ.

ಆ ಕೂಸಿಗಿರುವ ಕಾಯಿಲೆಯ ಹೆಸರು ಬಿಲಿಯರಿ ಅಟ್ರೀಸಿಯಾ. ತರಗತಿಯಲ್ಲಿ ಪಿತ್ತಜನಕಾಂಗದ ಚಿತ್ರ ಬರೆಯಿಸುವಾಗ, ಅದರಿಂದ ಹೊರಟು ಸಣ್ಣ ಕರುಳನ್ನು ಸೇರುವ ಹಸಿರು ನಾಳವೊಂದಕ್ಕೆ ಬಣ್ಣ ತುಂಬಿಸುತ್ತಿದ್ದೆನಲ್ಲ, ಅದೇ ಪಿತ್ತನಾಳ. ಕೆಲವು ಶಿಶುಗಳಲ್ಲಿ ಹುಟ್ಟಿದ ಮೊದಲ ವಾರಗಳಲ್ಲಿಯೇ ಆ ನಾಳ ಉರಿತದಿಂದ ಮುಚ್ಚಿಹೋಗುತ್ತದೆ. ಪಿತ್ತರಸ ಹೊರಹೋಗಲು ದಾರಿಯಿಲ್ಲದೆ ಯಕೃತ್ತಿನಲ್ಲಿಯೇ ನಿಂತು ಅದನ್ನು ಗಟ್ಟಿಯಾಗಿಸುತ್ತದೆ. ಏನೂ ಮಾಡದೆ ಬಿಟ್ಟರೆ ಹೆಚ್ಚಿನ ಮಕ್ಕಳು ಎರಡು ವರ್ಷ ತುಂಬುವುದರೊಳಗೆ ತೀರಿಹೋಗುತ್ತವೆ. ತಾಯಿ ಏನನ್ನೋ ತಿಂದದ್ದರಿಂದ ಬಂದುದಲ್ಲ, ಗ್ರಹಣ ನೋಡಿದ್ದರಿಂದ ಬಂದುದೂ ಅಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಏಕೆಂದರೆ ನಮ್ಮಲ್ಲಿ ಕೂಸಿಗೆ ಕಾಯಿಲೆಯಾದರೆ ಮೊದಲ ವಿಚಾರಣೆ ನಡೆಯುವುದು ಸೊಸೆಯ ಮೇಲೆ.

ಇದಕ್ಕೆ ಮೊದಲ ಪರಿಹಾರ ಕಸಿಯಲ್ಲ. ಜಪಾನಿನ ಮೋರಿಯೋ ಕಸಾಯಿ ಎಂಬ ಶಸ್ತ್ರವೈದ್ಯರು 1950ರ ದಶಕದಲ್ಲಿ ರೂಪಿಸಿದ ಶಸ್ತ್ರಕ್ರಿಯೆಯೊಂದಿದೆ. ಕೆಟ್ಟುಹೋದ ನಾಳವನ್ನು ತೆಗೆದು ಕರುಳಿನ ಒಂದು ಕುಣಿಕೆಯನ್ನೇ ಯಕೃತ್ತಿಗೆ ಜೋಡಿಸುವುದು. (ವೈದ್ಯರು "ಕಸಾಯಿ ಆಪರೇಶನ್" ಎಂದಾಗ ನಮ್ಮ ಕಡೆಯ ಅಜ್ಜಿಯರು ಹೌಹಾರುವುದು ಸಹಜವೇ! ಅದೊಂದು ಜಪಾನೀ ಮನೆತನದ ಹೆಸರು ಎಂದು ಯಾರಾದರೂ ಬಿಡಿಸಿ ಹೇಳುವುದು ಒಳ್ಳೆಯದು.) ಇದನ್ನು ಕೂಸಿಗೆ 60 ದಿನ ತುಂಬುವುದರೊಳಗೆ ಮಾಡಿದರೆ ಫಲ ಹೆಚ್ಚು. ದಿನ ಕಳೆದಂತೆ ಫಲ ಇಳಿಯುತ್ತದೆ. ನಮ್ಮ ದೇಶದಲ್ಲಿ ಬಹುಪಾಲು ಮಕ್ಕಳು ತಜ್ಞರ ಬಳಿ ತಲುಪುವುದೇ ಈ ಅವಧಿ ಮೀರಿದ ಮೇಲೆ. ಮೇಲೆ ಹೇಳಿದ ಕೂಸಿನದೂ ಅದೇ ಕಥೆ. ಮೊದಲು ಎಳೆಬಿಸಿಲು, ಆಮೇಲೆ ಕಾಮಣಿ ಔಷಧ, ನಡುವೆ ದೇವರ ಹರಕೆ. ಹುಬ್ಬಳ್ಳಿಗೆ ಕರೆದೊಯ್ಯುವಾಗ ನಾಲ್ಕನೆಯ ತಿಂಗಳು ನಡೆದಿತ್ತು. ಆಗ ಉಳಿಯುವ ದಾರಿ ಕಸಿಯೊಂದೇ.

ಹಾನಗಲ್ಲ ಸೀಮೆಯ ಮಾವಿನ ತೋಟಗಳವರಿಗೆ ಕಸಿ ಎಂಬ ಶಬ್ದ ಹೊಸದಲ್ಲ. ನಾಟಿ ಗಿಡದ ಬುಡಕ್ಕೆ ಆಪೂಸಿನ ಕುಡಿ ಕಟ್ಟಿದರೆ ಅದು ಒಪ್ಪಿಕೊಳ್ಳುತ್ತದೆ. ಮನುಷ್ಯನ ದೇಹ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಮೆರಿಕದ ಡೆನ್ವರಿನಲ್ಲಿ ಥಾಮಸ್ ಸ್ಟಾರ್ಜ್ಲ್ ಅವರು 1963ರಲ್ಲಿ ಮೊಟ್ಟಮೊದಲ ಯಕೃತ್ತಿನ ಕಸಿಗೆ ಕೈಹಾಕಿದಾಗ, ಎದುರಿಗಿದ್ದುದು ಇದೇ ಕಾಯಿಲೆಯ ಮೂರು ವರ್ಷದ ಬಾಲಕ. ರಕ್ತಸ್ರಾವದಿಂದ ಆ ಮಗು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ತೀರಿಕೊಂಡಿತು. 1967ರಲ್ಲಿ ಅವರೇ ಕಸಿ ಮಾಡಿದ ಪುಟ್ಟ ಬಾಲಕಿಯೊಬ್ಬಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ದೇಹದ ಪ್ರತಿರೋಧವನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ 1980ರ ಸುಮಾರಿಗೆ ಬಳಕೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಅನಂತರ ಬಂದ ಟ್ಯಾಕ್ರೋಲಿಮಸ್ ಸಿಕ್ಕಿದ್ದು ಜಪಾನಿನ ತ್ಸುಕುಬಾ ಎಂಬಲ್ಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ, 1984ರಲ್ಲಿ. ಇಂದಿಗೂ ಕಸಿಯಾದ ಮಕ್ಕಳ ಮುಖ್ಯ ಆಧಾರ ಆ ಗುಳಿಗೆಯೇ.

ಆದರೆ ಮಕ್ಕಳ ಅಳತೆಯ ಯಕೃತ್ತು ಎಲ್ಲಿಂದ ಬರಬೇಕು? ಸತ್ತ ಮಕ್ಕಳಿಂದ ದೊರೆಯುವುದು ತೀರ ವಿರಳ. ಬದುಕಿರುವವರಿಂದ ಒಂದು ತುಣುಕನ್ನು ಪಡೆಯುವ ಪ್ರಯತ್ನವನ್ನು 1988ರ ಡಿಸೆಂಬರಿನಲ್ಲಿ ಬ್ರೆಜಿಲ್ಲಿನ ಸಿಲ್ವಾನೋ ರಾಯಾ ಮಾಡಿದರು; ಮಗು ಉಳಿಯಲಿಲ್ಲ. 1989ರ ಜುಲೈಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ರಸೆಲ್ ಸ್ಟ್ರಾಂಗ್ ಅವರು ಜಪಾನೀ ತಾಯಿಯೊಬ್ಬಳ ಯಕೃತ್ತಿನ ಭಾಗವನ್ನು ಆಕೆಯ ಪುಟ್ಟ ಮಗನಿಗೆ ಜೋಡಿಸಿ ಯಶಸ್ವಿಯಾದರು. ಅದೇ ವರ್ಷದ ನವೆಂಬರಿನಲ್ಲಿ ಷಿಕಾಗೋದಲ್ಲಿ ಕ್ರಿಸ್ಟೋಫ್ ಬ್ರೋಲ್ಷ್ ಅವರ ತಂಡ ಇದನ್ನೇ ಮಾಡಿತು. ಆ ತಂಡದ ನಡೆ ನನಗೆ ಬಹಳ ಮೆಚ್ಚಿಗೆಯಾಯಿತು. ಕತ್ತಿ ಹಿಡಿಯುವ ಮೊದಲೇ, ಆರೋಗ್ಯವಂತ ತಾಯಿಯ ಮೇಲೆ ಶಸ್ತ್ರಕ್ರಿಯೆ ಮಾಡುವುದು ಧರ್ಮವೇ ಎಂಬ ಪ್ರಶ್ನೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿ ಬಹಿರಂಗವಾಗಿ ಚರ್ಚೆಗಿಟ್ಟಿತು. ನಮ್ಮ ಮದುವೆಯ ಪಂಕ್ತಿಯಲ್ಲಿ ಎದ್ದ ಪ್ರಶ್ನೆಯ ಅರ್ಧಭಾಗ ಅಲ್ಲಿಯೂ ಎದ್ದಿತ್ತು ಎಂದಾಯಿತು. ಇನ್ನರ್ಧ, ಅಂದರೆ ಕೂಸು ಹೆಣ್ಣೋ ಗಂಡೋ ಎಂಬುದು, ಅಲ್ಲಿ ಏಳಲಿಲ್ಲ. ಷಿಕಾಗೋದ ಆ ಮಗು ಹೆಣ್ಣಾಗಿತ್ತು.

ಭಾರತದಲ್ಲಿ 1994ರ ಅಂಗಾಂಗ ಕಸಿ ಕಾಯಿದೆ ಬಂದ ಮೇಲೆ, 1998ರ ನವೆಂಬರ್ 15ರಂದು ದಿಲ್ಲಿಯ ಅಪೋಲೋ ಆಸ್ಪತ್ರೆಯಲ್ಲಿ ಕಾಂಚೀಪುರದ ಇಪ್ಪತ್ತು ತಿಂಗಳ ಮಗು ಸಂಜಯನಿಗೆ ಅವನ ತಂದೆಯ ಯಕೃತ್ತಿನ ತುಣುಕನ್ನು ಜೋಡಿಸಲಾಯಿತು. ಅವನಿಗಿದ್ದುದೂ ಬಿಲಿಯರಿ ಅಟ್ರೀಸಿಯಾವೇ. ದೇಶದಲ್ಲಿ ಮಕ್ಕಳಿಗೆ ಮಾಡಿದ ಮೊದಲ ಯಶಸ್ವೀ ಯಕೃತ್ತಿನ ಕಸಿ ಅದು. ಆ ಮಗು ಬೆಳೆದು ವೈದ್ಯಕೀಯ ಓದಿ ಸ್ವತಃ ವೈದ್ಯರಾಗಿದ್ದಾರೆ. ಅಲ್ಲಿ ಕೊಟ್ಟವರು ತಂದೆ ಎಂಬುದನ್ನು ನಮ್ಮ ಗಂಡಸರು ಗಮನಿಸಬೇಕು.

ಫಲಿತಾಂಶದ ಮಾತಿಗೆ ಬರುತ್ತೇನೆ. ಅನುಭವವುಳ್ಳ ಕೇಂದ್ರಗಳಲ್ಲಿ ಹೆತ್ತವರಿಂದ ಯಕೃತ್ತು ಪಡೆದ ನೂರು ಮಕ್ಕಳಲ್ಲಿ ಒಂದು ವರ್ಷದ ನಂತರ ತೊಂಬತ್ತು, ತೊಂಬತ್ತೈದು ಮಕ್ಕಳು ಬದುಕಿರುತ್ತಾರೆ. ಐದು ವರ್ಷಗಳ ನಂತರವೂ ಎಂಬತ್ತೈದರಿಂದ ತೊಂಬತ್ತು. ನಮ್ಮ ದೇಶದ ಒಳ್ಳೆಯ ಕೇಂದ್ರಗಳ ಅಂಕಿಗಳೂ ಇದಕ್ಕಿಂತ ಕೆಳಗಿಲ್ಲ. ಹಳದಿಯಾಗಿದ್ದ ಕಣ್ಣು ಬೆಳ್ಳಗಾಗುತ್ತದೆ, ನೀರು ತುಂಬಿ ಉಬ್ಬಿದ ಹೊಟ್ಟೆ ಇಳಿಯುತ್ತದೆ, ನಿಂತುಹೋಗಿದ್ದ ಬೆಳವಣಿಗೆ ಮತ್ತೆ ಮೊದಲಾಗುತ್ತದೆ. ಹಾಗೆಂದು ಎಲ್ಲವೂ ಹೂವೆತ್ತಿದಷ್ಟು ಹಗುರವೆಂದು ನಾನು ಹೇಳಿದರೆ ಅದು ಮೋಸವಾಗುತ್ತದೆ. ಎಳೆಕೂಸಿನ ರಕ್ತನಾಳ ದಾರದಷ್ಟು ಸಣ್ಣದು. ಜೋಡಿಸಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಮರುಶಸ್ತ್ರಕ್ರಿಯೆ, ಕೆಲವೊಮ್ಮೆ ಮರುಕಸಿಯೇ ಬೇಕಾದೀತು. ಪಿತ್ತನಾಳ ಸೋರುವುದೂ ಕಿರಿದಾಗುವುದೂ ಉಂಟು. ಪ್ರತಿರೋಧವನ್ನು ತಗ್ಗಿಸಿರುವುದರಿಂದ ಸಣ್ಣ ಸೋಂಕೂ ದೊಡ್ಡದಾಗಬಹುದು. ಗುಳಿಗೆಗಳು ಜೀವನಪರ್ಯಂತ, ವರ್ಷಗಳು ಕಳೆದಂತೆ ಅವು ಮೂತ್ರಪಿಂಡಕ್ಕೂ ತುಸು ಪೆಟ್ಟು ಕೊಡುತ್ತವೆ.

ಕೆಲವು ಮಕ್ಕಳಿಗೆ ಆ ಗುಳಿಗೆಯೂ ಬೇಡವಾಗುವುದುಂಟು. ಅಮೆರಿಕದಲ್ಲಿ ಹೆತ್ತವರಿಂದ ಯಕೃತ್ತು ಪಡೆದ 20 ಮಕ್ಕಳಿಗೆ ವೈದ್ಯರ ಕಾವಲಿನಲ್ಲಿ ಔಷಧವನ್ನು ಕ್ರಮೇಣ ನಿಲ್ಲಿಸಿ ನೋಡಿದಾಗ 12 ಮಕ್ಕಳು ಔಷಧವಿಲ್ಲದೆ ಚೆನ್ನಾಗಿದ್ದರೆಂದು 2012ರಲ್ಲಿ ಪ್ರಕಟವಾಯಿತು. ಮುಂದೆ 88 ಮಕ್ಕಳಲ್ಲಿ ನೋಡಿದಾಗ ಆ ಭಾಗ್ಯ ಸಿಕ್ಕಿದ್ದು 33 ಮಕ್ಕಳಿಗೆ ಮಾತ್ರ. ಇದನ್ನು ಓದಿ ಯಾರೂ ಮನೆಯಲ್ಲಿ ತಾವೇ ಗುಳಿಗೆ ನಿಲ್ಲಿಸಬಾರದು.

ಇನ್ನು ತಾಯಿಯ ಹೊಟ್ಟೆ. ಹಿರಿಯರ ಅಂಜಿಕೆ ಪೂರ್ತಿ ನಿರಾಧಾರವಲ್ಲ. 2024ರ ಸೆಪ್ಟೆಂಬರಿನಲ್ಲಿ ಕರಾವಳಿಯ ಯುವ ಮಹಿಳೆಯೊಬ್ಬರು ವಯಸ್ಸಾದ ಬಂಧುವಿಗೆ ಯಕೃತ್ತಿನ ಭಾಗವನ್ನು ಕೊಟ್ಟು ಕೆಲವೇ ದಿನಗಳಲ್ಲಿ ತೀರಿಕೊಂಡ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಆದರೆ ಒಂದು ವ್ಯತ್ಯಾಸವನ್ನು ತಿಳಿಯಬೇಕು. ದೊಡ್ಡವರಿಗೆ ಕೊಡುವಾಗ ಸಾಮಾನ್ಯವಾಗಿ ಬಲಭಾಗ, ಅಂದರೆ ಯಕೃತ್ತಿನ ಅರ್ಧಕ್ಕಿಂತ ಹೆಚ್ಚನ್ನು ತೆಗೆಯಬೇಕಾಗುತ್ತದೆ. ಎಳೆಕೂಸಿಗೆ ಎಡ ಅಂಚಿನ ತುಣುಕು, ಸುಮಾರು ಐದರಲ್ಲಿ ಒಂದು ಪಾಲು ಸಾಕು. ಉಳಿದ ಯಕೃತ್ತು ಎರಡು ಮೂರು ತಿಂಗಳಲ್ಲಿ ಬೆಳೆದು ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಇಂಥ ದಾನದಲ್ಲಿ ದಾನಿಯ ಪ್ರಾಣಕ್ಕೆ ಅಪಾಯ ಸಾವಿರಕ್ಕೆ ಒಂದರ ಆಸುಪಾಸು. ಬಲಭಾಗ ಕೊಡುವವರಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಸಾವಿರಕ್ಕೆ ಒಂದು ಎಂಬುದು ಸೊನ್ನೆಯಲ್ಲ. ಆ ಒಬ್ಬಳು ಯಾರದೋ ಮಗಳು. ಆದ್ದರಿಂದಲೇ ತಾಯಿಯೊಡನೆ ವೈದ್ಯರು ಏಕಾಂತದಲ್ಲಿ ಮಾತನಾಡಬೇಕು, ಅತ್ತೆ ಮಾವ ಗಂಡ ಯಾರೂ ಇಲ್ಲದಾಗ. ಬೇಡವೆನ್ನುವ ಅಧಿಕಾರ ಆಕೆಗೆ ಪೂರ್ತಿಯಾಗಿ ಇರಬೇಕು. ಹಾಗೆಯೇ ಕೊಡುತ್ತೇನೆನ್ನುವ ಅಧಿಕಾರವೂ. ನಾವು ಮರೆಯುವುದು ಈ ಎರಡನೆಯದನ್ನು.

ಮತ್ತೊಂದು ಮಾತು. ದಾನಿಯ ವಿಷಯ ಬಂದೊಡನೆ ಎಲ್ಲರ ಕಣ್ಣು ತಾಯಿಯ ಕಡೆಗೇ ಏಕೆ ಹೊರಳಬೇಕು? ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವ ಐವರಲ್ಲಿ ಹೆಚ್ಚುಕಡಿಮೆ ನಾಲ್ವರು ಸ್ತ್ರೀಯರು. ಅಂಗ ಪಡೆಯುವವರಲ್ಲಿ ಬಹುಪಾಲು ಪುರುಷರು. ಕಾನೂನಿನ ಪ್ರಕಾರ ತಂದೆ, ತಾಯಿ, ಒಡಹುಟ್ಟಿದವರು, 2011ರ ತಿದ್ದುಪಡಿಯ ನಂತರ ಅಜ್ಜ ಅಜ್ಜಿಯರೂ ಹತ್ತಿರದ ಬಂಧುಗಳೇ (ಅಪ್ರಾಪ್ತರು ಕೊಡುವಂತಿಲ್ಲ). ರಕ್ತದ ಗುಂಪು ಹೊಂದಿದರೆ ತಂದೆಯದೂ ಆಗುತ್ತದೆ. ಕುಡಿತದಿಂದಲೋ ಬೊಜ್ಜಿನಿಂದಲೋ ಯಕೃತ್ತು ಕೊಬ್ಬುಗಟ್ಟಿರಬಾರದು, ಅಷ್ಟೆ. ಆ ಪರೀಕ್ಷೆಯಲ್ಲಿ ನಮ್ಮ ಎಷ್ಟು ಗಂಡಸರು ಪಾಸಾದಾರು ಎಂಬುದು ಬೇರೆ ಪ್ರಶ್ನೆ!

ಹೆಣ್ಣು ಕೂಸಿನ ಮಾತಂತೂ ನನಗೆ ತಡೆಯಲಾಗುವುದಿಲ್ಲ. ಬಿಲಿಯರಿ ಅಟ್ರೀಸಿಯಾ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ತುಸು ಹೆಚ್ಚು. ಆದರೆ ಭಾರತದಲ್ಲಿ ಕಸಿಯಾದ ಮಕ್ಕಳ ಪಟ್ಟಿಗಳನ್ನು ನೋಡಿದರೆ ಹುಡುಗರೇ ಹೆಚ್ಚು. ಹಾಗಾದರೆ ಆ ಹುಡುಗಿಯರು ಎಲ್ಲಿ ಹೋದರು? ಆಸ್ಪತ್ರೆಯ ಯಾವ ಫಲಿತಾಂಶದ ಪುಸ್ತಕದಲ್ಲಿಯೂ ಅವರ ಲೆಕ್ಕವಿಲ್ಲ. ಏಕೆಂದರೆ ಅವರು ಆಸ್ಪತ್ರೆಯ ಬಾಗಿಲನ್ನೇ ತಲುಪಲಿಲ್ಲ. ನೂರಕ್ಕೆ ತೊಂಬತ್ತು ಎಂಬ ಅಂಕಿ ಬಾಗಿಲು ದಾಟಿದವರದು. ದಾಟದೆ ಉಳಿದವರ ಅಂಕಿ ಮನೆಯ ಪಡಸಾಲೆಯಲ್ಲಿ ನಿರ್ಧಾರವಾಗುತ್ತದೆ, "ಇನ್ನೊಂದು ಹುಟ್ಟತೈತಿ" ಎಂಬ ಮಾತಿನಲ್ಲಿ. ಇನ್ನೊಂದು ಹುಟ್ಟಬಹುದು. ಅದು ಈ ಕೂಸಲ್ಲ. ಹಾಗೆಂದೇ ನಾನು ಆ ಹುಡುಗನಿಗೆ ಹೇಳಿದೆ: "ನಿನ್ನ ಹೆಂಡತಿ ತಿಳಿದು ಒಪ್ಪಿದ್ದಾಳೆ, ವೈದ್ಯರು ಆಗುತ್ತದೆ ಎಂದಿದ್ದಾರೆ, ಇನ್ನು ಊರನ್ನು ಕೇಳಬೇಡ. ನೀನೂ ಪರೀಕ್ಷೆ ಮಾಡಿಸಿಕೋ." ಇಬ್ಬರ ಪರೀಕ್ಷೆಗಳೂ ನಡೆದಿವೆ.

ಹಣದ ವಿಷಯದಲ್ಲಿ ಮಾತ್ರ ಹಿರಿಯರ ಚಿಂತೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಈ ಶಸ್ತ್ರಕ್ರಿಯೆಗೆ 15ರಿಂದ 25 ಲಕ್ಷ ರೂಪಾಯಿಗಳವರೆಗೆ ತಗಲುತ್ತದೆ. ನಾಲ್ಕೆಕರೆ ಗೋವಿನಜೋಳ, ಹತ್ತಿ ಬೆಳೆಯುವ ಮನೆಗೆ ಇದು ಹೊಲ ಮಾರುವ ಮಾತು. ಬಿ.ಪಿ.ಎಲ್. ಕುಟುಂಬಗಳ ಅಂಗಾಂಗ ಕಸಿಗೆ ರಾಜ್ಯ ಸರಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ನೆರವಿನ ಯೋಜನೆಯಿದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಯಿದೆ, ಪ್ರಧಾನಮಂತ್ರಿಗಳ ನಿಧಿಯಿದೆ. ಆಸ್ಪತ್ರೆಗಳಲ್ಲಿ ಇವಕ್ಕೆ ಅರ್ಜಿ ಬರೆದುಕೊಡುವ ಸಮಾಜ ಕಾರ್ಯಕರ್ತರಿರುತ್ತಾರೆ; ಹೊಲಕ್ಕೆ ಗಿರಾಕಿ ಹುಡುಕುವ ಮೊದಲು ಅವರನ್ನು ಕಾಣಬೇಕು. ಆದರೆ ಶಸ್ತ್ರಕ್ರಿಯೆಯ ಬಿಲ್ಲಿನಲ್ಲಿ ಸೇರದ ಖರ್ಚುಗಳೇ ಬಡವರನ್ನು ಮುರಿಯುವುದು. ನಮ್ಮ ಶಿಗ್ಗಾಂವಿಯಿಂದ ಬೆಂಗಳೂರು 350 ಕಿಲೋಮೀಟರಿಗೂ ಹೆಚ್ಚು ದೂರ. ಕಸಿಯಾದ ಮೇಲೆ ಸುಮಾರು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆ ಹಿಡಿದು ಇರಬೇಕು. ಆ ಕಾಲದಲ್ಲಿ ತಂದೆಯ ದುಡಿಮೆ ನಿಂತಿರುತ್ತದೆ, ತಾಯಿ ಗಾಯ ಮಾಯುವವರೆಗೆ ಕೊಡ ಎತ್ತುವಂತಿಲ್ಲ, ಊರಲ್ಲಿ ಹಿರಿಯ ಮಗು ಅಜ್ಜಿಯ ಹತ್ತಿರ. ಮುಂದೆ ರಕ್ತಪರೀಕ್ಷೆಗೆ ಮತ್ತೆ ಮತ್ತೆ ಹೋಗಬೇಕು. ಹಾವೇರಿಗೆ ಈಗ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಹುಬ್ಬಳ್ಳಿಯಲ್ಲಿ ದೊಡ್ಡ ಆಸ್ಪತ್ರೆಯಿದೆ. ಕಸಿಯನ್ನು ಅಲ್ಲಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಅದು ವರ್ಷಕ್ಕೆ ಹತ್ತಾರು ಮಾಡುವ ಪಳಗಿದ ಕೈಗಳ ಕೆಲಸ. ಆದರೆ ರಕ್ತದಲ್ಲಿ ಔಷಧದ ಪ್ರಮಾಣ ನೋಡುವ ಪರೀಕ್ಷೆ, ತಿಂಗಳ ಗುಳಿಗೆ, ಜ್ವರ ಬಂದಾಗ ಬೆಂಗಳೂರಿಗೆ ಫೋನು ಮಾಡಿ ಕೇಳಬಲ್ಲ ಒಬ್ಬ ಮಕ್ಕಳ ವೈದ್ಯ, ಇಷ್ಟನ್ನು ಜಿಲ್ಲೆಯಲ್ಲಿಯೇ ಉಚಿತವಾಗಿ ಒದಗಿಸುವುದು ಸರಕಾರಕ್ಕೆ ಅಸಾಧ್ಯವೇ?

ಅದಕ್ಕಿಂತ ಅಗ್ಗದ ಕೆಲಸವೂ ಒಂದಿದೆ. ತೈವಾನ್ ದೇಶದಲ್ಲಿ 2004ರಿಂದ ಪ್ರತಿ ಬಾಣಂತಿಗೆ ಕೊಡುವ ಆರೋಗ್ಯ ಪುಸ್ತಿಕೆಯಲ್ಲಿ ಕೂಸಿನ ಮಲದ ಬಣ್ಣಗಳ ಚಿತ್ರವಿರುವ ಹಾಳೆಯೊಂದನ್ನು ಸೇರಿಸಿದರು. ತಾಯಿ ತನ್ನ ಕೂಸಿನದನ್ನು ಅದರೊಡನೆ ಹೋಲಿಸಿ ನೋಡುತ್ತಾಳೆ. ಬಿಳಚಿದ ಬಣ್ಣವಾದರೆ ತಿಳಿಸುತ್ತಾಳೆ. ಮರುವರ್ಷವೇ ಈ ಕಾಯಿಲೆಯ ಸುಮಾರು ನಾಲ್ಕರಲ್ಲಿ ಮೂರು ಮಕ್ಕಳಿಗೆ 60 ದಿನದೊಳಗೆ ಕಸಾಯಿಯವರ ಶಸ್ತ್ರಕ್ರಿಯೆಯಾಯಿತು. ಒಂದು ಬಣ್ಣದ ಹಾಳೆಯ ಮಹಿಮೆ! ನಮ್ಮ ತಾಯಿ ಕಾರ್ಡಿನಲ್ಲಿಯೂ ಅಂಥದೊಂದು ಪುಟ ಕನ್ನಡದಲ್ಲಿ, ಬಣ್ಣದಲ್ಲಿ ಅಚ್ಚಾಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ಕೂಸನ್ನು ನೋಡುವ ಏರ್ಪಾಟು ಹೇಗೂ ಇದೆ. ಇವುಗಳಲ್ಲಿ ಕೊನೆಯ ನಾಲ್ಕು ಭೇಟಿಗಳೂ ನಮಗೆ ಬೇಕಾದ ಅವಧಿಯಲ್ಲಿಯೇ ಬೀಳುತ್ತವೆ. ತೂಕ ನೋಡುವಾಗ ಕೂಸಿನ ಬಟ್ಟೆಯನ್ನೂ ಒಮ್ಮೆ ಬಿಚ್ಚಿ ನೋಡಿದರಾಯಿತು.

ನನ್ನ ವಿದ್ಯಾರ್ಥಿನಿಯರಲ್ಲಿ ಅಜ್ಜಿಯರಾದವರು ಈಗ ಬಹಳ ಮಂದಿ ಇದ್ದೀರಿ. ಬಾಣಂತನ ಮಾಡುವವರು ನೀವೇ. ಆದ್ದರಿಂದ ಪಾಠದಂತೆ ಹೇಳಿಬಿಡುತ್ತೇನೆ. ಹುಟ್ಟಿದ ಕೂಸುಗಳಿಗೆ ಕಾಮಣಿ ಸಾಮಾನ್ಯ. ಹೆಚ್ಚಿನವರಿಗೆ ಎರಡು ವಾರದಲ್ಲಿ ಇಳಿಯುತ್ತದೆ. ಎರಡು ವಾರ ದಾಟಿಯೂ ಕಣ್ಣು ಹಳದಿಯಿದ್ದರೆ, ಮಲ ಅರಿಸಿನ ಬಣ್ಣದ ಬದಲು ಜೋಳದ ಹಿಟ್ಟಿನಂತೆ ಬಿಳಚಿದ್ದರೆ, ಉಚ್ಚೆ ಬಟ್ಟೆಗೆ ಹಳದಿ ಕಲೆ ಹಿಡಿಯುತ್ತಿದ್ದರೆ, ಒಂದು ದಿನವೂ ತಡೆಯಬೇಡಿ. ಈ ಕಾಯಿಲೆಯ ಕೂಸು ಮೊದಮೊದಲು ಚೆನ್ನಾಗಿ ಹಾಲು ಕುಡಿಯುತ್ತದೆ, ಆಡುತ್ತದೆ, ಅದೇ ಮೋಸ. ರಕ್ತದಲ್ಲಿ ಬಿಲಿರುಬಿನ್ ಎಷ್ಟಿದೆ, ಅದರಲ್ಲಿ ನೇರ ಬಿಲಿರುಬಿನ್ ಎಷ್ಟು ಎಂದು ನೋಡುವ ಪರೀಕ್ಷೆಗೆ ಹೆಚ್ಚು ಹಣ ಬೇಡ. ಬೇರಿನ ರಸ, ಸೊಪ್ಪಿನ ರಸ ಹಾಕಬೇಡಿ. ಹೊಟ್ಟೆಯ ಮೇಲೆ ಬರೆ ಎಳೆಯುವ ಕ್ರೂರ ಪದ್ಧತಿ ಇನ್ನೂ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ತಡೆಯಿರಿ.

ಇನ್ನು ನಿಮ್ಮಲ್ಲಿ ನನ್ನ ವೃತ್ತಿಯನ್ನೇ ಹಿಡಿದವರಿಗೆ ಎರಡು ಮಾತು. ಕಸಿಯಾದ ಮಗು ನಿಮ್ಮ ತರಗತಿಗೆ ಬಂದೇ ಬರುತ್ತದೆ, ಇಂದಲ್ಲ ನಾಳೆ. ಅದನ್ನು ಗಾಜಿನ ಬೊಂಬೆಯಂತೆ ಮೂಲೆಯಲ್ಲಿ ಕೂರಿಸಬೇಡಿ; ವೈದ್ಯರು ಒಪ್ಪಿದರೆ ಅದು ಓಡಬಹುದು, ಲಗೋರಿ ಆಡಬಹುದು. ತರಗತಿಯಲ್ಲಿ ಯಾರಿಗಾದರೂ ಸಿಡುಬಿನ ಗುಳ್ಳೆ, ಗೊಬ್ಬರ ಕಂಡರೆ ಅದೇ ದಿನ ಆ ಮಗುವಿನ ಮನೆಗೆ ತಿಳಿಸಿ. ಜ್ವರವೆಂದರೆ ಸಂಜೆಯವರೆಗೆ ಕಾಯಬೇಡಿ. ಕುದಿಸಿ ಆರಿಸಿದ ನೀರು ಕುಡಿಯಲಿ. ಚಕ್ಕೋತದ ಹಣ್ಣನ್ನು ಯಾರೂ ಪ್ರೀತಿಯಿಂದಲೂ ಕೊಡದಿರಲಿ. ಅದು ಆ ಗುಳಿಗೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಎಂಟು, ಒಂಬತ್ತು, ಹತ್ತನೆಯ ತರಗತಿಯ ವರ್ಷಗಳಲ್ಲಿ ಕಣ್ಣಿಡಿ. ಎಳವೆಯಲ್ಲಿ ತಾಯಿ ಕೈಯಿಂದ ನುಂಗಿಸಿದ ಗುಳಿಗೆಯನ್ನು ಹದಿನಾಲ್ಕರ ಹುಡುಗಿ ನಾಚಿಕೆಯಿಂದಲೋ ಹಟದಿಂದಲೋ ತಪ್ಪಿಸುತ್ತಾಳೆ. ಹಲವು ವರ್ಷ ಚೆನ್ನಾಗಿ ನಡೆದ ಕಸಿ ಕೆಡುವುದಕ್ಕೆ ಈ ವಯಸ್ಸಿನ ಗುಳಿಗೆ ತಪ್ಪಿಸುವಿಕೆಯೇ ದೊಡ್ಡ ಕಾರಣವೆಂದು ವೈದ್ಯರು ಹೇಳುತ್ತಾರೆ. ಬೆಳಿಗ್ಗೆ ಹಾಜರಿ ಕರೆಯುವಾಗ ಅವಳ ಹೆಸರಿನ ಹತ್ತಿರ ಒಂದು ಕ್ಷಣ ನಿಂತು, ಉಳಿದವರಿಗೆ ಗೊತ್ತಾಗದಂತೆ ಕಣ್ಣಿನಲ್ಲಿಯೇ "ಆಯಿತೇನವ್ವಾ?" ಎಂದು ಕೇಳಿದರೆ, ಆಕೆ ತಲೆಯಾಡಿಸುತ್ತಾಳೆ.